ಅಣ್ಣನ ಕೈಯಲ್ಲಿ ಉರಿದ ಕರ್ಪೂರ

ಮೊನ್ನೆ ಮಗಳು ಪೇಟೆಗೆ ಹೋದವಳು ಮಂಗಳೂರಿನ ಹಂಪನಕಟ್ಟೆಯಿಂದ ಒಂದು ಕೇದಗೆ ತಂದಳು. ಸೀರೆಗಳ ನಡುವೆ ಇಟ್ಟರೆ ಪರಿಮಳ ಬಹಳ ದಿನ ಉಳಿಯುತ್ತದೆ ಎಂದು ಕಪಾಟು ತೆರೆದು ಎಸಳುಗಳನ್ನು ಬಿಡಿಸಿ ಇಡುತ್ತಿದ್ದಳು. ನಾನು ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಪರಿಮಳ ಬಾಗಿಲು ದಾಟಿ ಬಂತು. ಎದ್ದು ಕುಳಿತೆ.

"ಅದನ್ನು ಹೊರಗೆ ಹಾಕು" ಎಂದೆ.

"ಎಂತ ಅಮ್ಮ ನೀನು! ಇಷ್ಟು ಒಳ್ಳೆಯ ಹೂ..."

ಕೇದಗೆಯ ಕತೆಯನ್ನು ನನಗೆ ಹೇಳಿದ್ದು ನನ್ನ ಅಣ್ಣ. ಅವನ ಬಗ್ಗೆ ನಾನು ಯಾರಿಗೂ ನಿಜ ಹೇಳಿದವಳಲ್ಲ, ಮೊನ್ನೆಯ ತನಕ ಹೆತ್ತ ಮಗಳಿಗೂ ಹೇಳಿರಲಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದು ಅಭ್ಯಾಸವಿಲ್ಲ. ಆದರೆ ಈ ಒಂದು ಸಂಗತಿಯನ್ನು ಬರೆಯದೆ ಹೋದರೆ ಅವನು ಇದ್ದದ್ದೇ ಸುಳ್ಳಾಗುತ್ತದೆ.

ಬಲ್ಮಠದ ಇಳಿಜಾರಿನ ಕೆಳಗೆ ನಮ್ಮದು ಬಾಡಿಗೆಯ ಹಂಚಿನ ಮನೆ. ಅಪ್ಪ ನಾನು ಸಣ್ಣವಳಿರುವಾಗಲೇ ತೀರಿಹೋಗಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಹಗಲು ಹಂಚಿನ ಕಾರ್ಖಾನೆಯಲ್ಲಿ ಮಣ್ಣಿನ ಕೆಲಸ. ಬೆಳಿಗ್ಗೆ ಮತ್ತು ಸಂಜೆ ಓಣಿಯ ಕೊನೆಯಲ್ಲಿದ್ದ ಈಶ್ವರ ದೇವಸ್ಥಾನದಲ್ಲಿ ದೀಪದ ಚಾಕರಿ. ಅದು ಅಪ್ಪ ಮಾಡುತ್ತಿದ್ದ ಕೆಲಸ, ಅವನಿಗೆ ಬಂತು. ಗರ್ಭಗುಡಿಯ ಒಳಗಿನ ದೀಪ ಭಟ್ಟರದು. ಹೊರಗಿನವು, ಎಂದರೆ ಗೋಡೆಯ ಸುತ್ತ ಸಾಲಾಗಿ ಇದ್ದ ಹಣತೆಗಳು, ಎರಡು ತೂಗುದೀಪ, ಬಾಗಿಲ ಬಳಿಯ ಕಾಲುದೀಪ, ಇವೆಲ್ಲ ಅಣ್ಣನವು. ಎಣ್ಣೆ ಹಾಕುವುದು, ಬತ್ತಿ ಇಡುವುದು, ಹಚ್ಚುವುದು, ನಡುನಡುವೆ ಉರಿದು ಕರಿಗಟ್ಟಿದ ತುದಿಯನ್ನು ಚಿವುಟಿ ತೆಗೆಯುವುದು. ಪೇಟೆಗೆಲ್ಲ ವಿದ್ಯುತ್ ದೀಪ ಬಂದಿದ್ದರೂ ಆ ದೇವಸ್ಥಾನದೊಳಗೆ ಬಲ್ಬು ಹಾಕಿರಲಿಲ್ಲ. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಸ್ವಲ್ಪ ಹೊತ್ತು ಏನೂ ಕಾಣುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಒಂದು ಕಿಡಿ, ಅದರ ಹಿಂದೆ ಕಪ್ಪು ಕಲ್ಲಿನ ಮಿನುಗು...

ಬತ್ತಿ ಹೊಸೆಯುವಾಗ ಅಣ್ಣ ಕತೆ ಹೇಳುತ್ತಿದ್ದ. ಶಿವ ಮೊದಲು ಕಲ್ಲಾಗಿ ಇರಲಿಲ್ಲವಂತೆ, ಬೆಳಕಿನ ಕಂಬವಾಗಿ ನಿಂತಿದ್ದನಂತೆ. ಬುಡ ಹುಡುಕಲು ವಿಷ್ಣು ಹಂದಿಯಾಗಿ ಕೆಳಗೆ ಹೋದ, ಕಾಣಲಿಲ್ಲ ಎಂದು ಒಪ್ಪಿಕೊಂಡ. ತುದಿ ಹುಡುಕಲು ಬ್ರಹ್ಮ ಹಂಸವಾಗಿ ಮೇಲೆ ಹೋದ. ಅವನಿಗೂ ಕಾಣಲಿಲ್ಲ. ಮೇಲಿನಿಂದ ಬೀಳುತ್ತಿದ್ದ ಒಂದು ಕೇದಗೆಯನ್ನು ಹಿಡಿದು, ನಾನು ತುದಿ ಕಂಡೆನೆಂದು ನೀನು ಸಾಕ್ಷಿ ಹೇಳು ಎಂದ. ಹೂವು ಹೇಳಿತು. ಅದಕ್ಕೇ ಶಿವನಿಗೆ ಕೇದಗೆ ಏರಿಸುವುದಿಲ್ಲ. ನಮ್ಮ ದೇವಸ್ಥಾನಕ್ಕೆ ಬರುವ ಹೆಂಗಸರು ಮುಡಿದ ಕೇದಗೆಯನ್ನು ಹೊರಗಿನ ಕಟ್ಟೆಯ ಮೇಲೆ ತೆಗೆದಿಟ್ಟೇ ಒಳಗೆ ಬರುತ್ತಿದ್ದರು.

"ಬ್ರಹ್ಮನದ್ದು ಬಿಡು, ಅವನಿಗೆ ಗೆಲ್ಲಬೇಕಿತ್ತು. ಆ ಹೂವಿಗೆ ಎಂತ ಸಿಕ್ಕಿತು ಹೇಳು?" ಎಂದು ಅಣ್ಣ ಪ್ರತಿ ಸಲ ಕೇಳುತ್ತಿದ್ದ.

ದೇವರು ಕತ್ತಲೆಯಲ್ಲಿ ಇದ್ದಾನೆ, ನಾವು ದೀಪ ಹಚ್ಚಿ ಅವನನ್ನು ತೋರಿಸುತ್ತೇವೆ ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದು ಅಣ್ಣ ಹೇಳುತ್ತಿದ್ದ. ಅವನೇ ಬೆಳಕು. ತುದಿಬುಡ ಇಲ್ಲದ ಬೆಳಕನ್ನು ನಮ್ಮ ಕಣ್ಣು ತಡೆಯುವುದಿಲ್ಲ, ಅದಕ್ಕೆ ಅವನೇ ಬತ್ತಿಯ ತುದಿಯಷ್ಟು ಚಿಕ್ಕದಾಗಿ ಬಂದು ಕೂರುತ್ತಾನೆ ಎಂದು. ಇದು ಭಟ್ಟರ ಮಾತೋ ಅವನದೇ ಮಾತೋ ನನಗೆ ತಿಳಿಯದು. ಹೇಳುವಾಗ ಅವನ ಸ್ವರ ತಗ್ಗುತ್ತಿತ್ತು.

ನಾನು ಹುಟ್ಟಿನಿಂದಲೇ ಸಂಶಯದವಳು. ಯಾರಾದರೂ ಹೆಚ್ಚು ಒಳ್ಳೆಯವರಾಗಿ ಕಂಡರೆ ಯಾಕಿರಬಹುದು ಎಂದು ಯೋಚಿಸುವವಳು. ನನಗೆ ಹದಿನೇಳು ನಡೆಯುತ್ತಿದ್ದಾಗ ಅಣ್ಣನ ಮೇಲೆಯೇ ಮೊದಲ ಸಂಶಯ ಬಂತು. ಬತ್ತಿಯ ಕರಿ ಚಿವುಟುವಾಗ ಯಾರೇ ಆದರೂ ಬೆರಳನ್ನು ಮಿಂಚಿನ ಹಾಗೆ ಹಿಂದೆ ಎಳೆಯುತ್ತಾರೆ. ಭಟ್ಟರು ಅದಕ್ಕೆ ಇಕ್ಕುಳ ಇಟ್ಟುಕೊಂಡಿದ್ದರು. ಅಣ್ಣನೂ ಮುಂಚೆ ಎಳೆಯುತ್ತಿದ್ದ, ಆಮೇಲೆ ಬೆರಳನ್ನು ಕಿವಿಗೆ ಒತ್ತಿ ತಣ್ಣಗೆ ಮಾಡುತ್ತಿದ್ದ. ಆ ವರ್ಷ ಅವನು ಎಳೆಯುವುದನ್ನು ಬಿಟ್ಟಿದ್ದ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವವರ ಹಾಗೆ ಉರಿಯುವ ಬತ್ತಿಯನ್ನು ನಿಧಾನಕ್ಕೆ ಚಿವುಟುತ್ತಿದ್ದ.

ಏನೋ ಹಚ್ಚಿಕೊಳ್ಳುತ್ತಾನೆ ಎಂದುಕೊಂಡೆ. ಲೋಳೆಸರದ ರಸ ಹಚ್ಚಿದರೆ ಬೆಂಕಿ ತಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಅವನು ಮಲಗಿದ್ದಾಗ ಕೈ ಮೂಸಿ ನೋಡಿದೆ. ಎಣ್ಣೆ, ಮಸಿ, ಕಾರ್ಖಾನೆಯ ಮಣ್ಣು, ಅಷ್ಟೆ. ಅವನ ಟ್ರಂಕು ತೆರೆದು ನೋಡಿದೆ. ಏನೂ ಇರಲಿಲ್ಲ. ನನ್ನ ಸಂಶಯ ಹೋಗಲಿಲ್ಲ, ಇವನು ನಾನೆಣಿಸಿದ್ದಕ್ಕಿಂತ ಜಾಣ ಎಂದುಕೊಂಡೆ.

ಆ ಕಾರ್ತಿಕದ ಒಂದು ಸೋಮವಾರ ಸಂಜೆಯ ಪೂಜೆಗೆ ಬಹಳ ಜನ ಸೇರಿದ್ದರು. ಭಟ್ಟರು ಮಂಗಳಾರತಿ ಹಿಡಿದು ಬಾಗಿಲಿಗೆ ಬರುವಾಗ ಯಾರದೋ ಭುಜ ತಾಗಿ ತಟ್ಟೆ ವಾಲಿತು. ಉರಿಯುವ ಕರ್ಪೂರದ ತುಂಡು ಒಬ್ಬಳು ತಾಯಿಯ ಹೆಗಲ ಮೇಲಿದ್ದ ಮಗುವಿನ ಅಂಗಿಯ ಮೇಲೆ ಬಿತ್ತು. ಅಣ್ಣ ಪಕ್ಕದಲ್ಲೇ ಇದ್ದ. ಕೈ ಹಾಕಿ ಎತ್ತಿದ. ಕೆಳಗೆ ಹಾಕಲು ಜಾಗ ಇರಲಿಲ್ಲ, ಸುತ್ತ ಹೆಂಗಸರ ಸೀರೆಗಳು. ಅವನು ಅಂಗೈಯ ಮೇಲೆ ಉರಿಯುವ ಕರ್ಪೂರ ಇಟ್ಟುಕೊಂಡು ದೇವರ ಕಡೆ ತಿರುಗಿ ನಿಂತ. ಅದು ಆರುವ ತನಕ ನಿಂತ. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ.

ಯಾರೋ "ಶಿವ ಶಿವಾ" ಎಂದರು. ಆಮೇಲೆ ಎಲ್ಲರೂ ಎಂದರು. ಆ ಮಗುವಿನ ತಾಯಿ ಅವನ ಕಾಲು ಮುಟ್ಟಿದಳು.

ಮರುದಿನದಿಂದ ನಮ್ಮ ಮನೆಯ ರೀತಿಯೇ ಬೇರೆಯಾಯಿತು. ಈಶ್ವರ ದೇವರು ಆ ಕೈಗೆ ಬಂದಿದ್ದಾರೆ ಎಂದು ಓಣಿಯಿಡೀ ಸುದ್ದಿ. ಜ್ವರದ ಮಕ್ಕಳನ್ನು ಅವನ ಹತ್ತಿರ ತರುತ್ತಿದ್ದರು, ತಲೆಯ ಮೇಲೆ ಒಮ್ಮೆ ಕೈ ಇಡು ಎಂದು. ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ತಮಾಷೆ ಮಾಡುತ್ತಿದ್ದರು: "ನಿಮಗೆ ಲಾಭ ಮಾರಾಯ್ತಿ, ಒಲೆಗೆ ಇಕ್ಕುಳ ಬೇಡ, ಅಣ್ಣನನ್ನು ಕರೆದರೆ ಸಾಕು!" ಅಣ್ಣ ಮಾತ್ರ ಇದನ್ನೆಲ್ಲ ಕೇಳಿ ಮುಜುಗರಪಡುತ್ತಿದ್ದ. "ಅದು ಎಂತದ್ದೂ ಅಲ್ಲ, ಅವಸರದಲ್ಲಿ ಹಿಡಿದದ್ದು" ಎನ್ನುತ್ತಿದ್ದ. ಕೈಯಲ್ಲಿ ಎದ್ದ ಗುಳ್ಳೆಯನ್ನು ತಾನೇ ಆಶ್ಚರ್ಯದಿಂದ ನೋಡುತ್ತಿದ್ದ.

ಅದೇ ತಿಂಗಳು ನನಗೆ ಸಂಬಂಧ ಬಂತು. ಬಜಪೆ ಕಡೆಯ ಗದ್ದೆ ಇರುವ ಮನೆ. ಆಗ ಬಜಪೆಯಲ್ಲಿ ವಿಮಾನ ಇಳಿಯುವುದನ್ನು ನೋಡಲಿಕ್ಕೆಂದೇ ಪೇಟೆಯ ಜನ ಬಸ್ಸು ಹಿಡಿದು ಹೋಗುತ್ತಿದ್ದ ಕಾಲ. ನಮ್ಮಂಥ ಬೀಡಿ ಕಟ್ಟುವ ಮನೆಗೆ ಅಂಥವರು ಬರುವುದು ಕನಸು. ಹುಡುಗನ ತಾಯಿ ನೇರವಾಗಿಯೇ ಹೇಳಿದರು: "ದೇವರ ಬೆಳಕು ಬಂದ ಕುಟುಂಬ ಅಂತ ಕೇಳಿ ಬಂದದ್ದು ನಾವು."

ನಿಶ್ಚಯಕ್ಕೆ ಎರಡು ವಾರ ಇತ್ತು. ಒಂದು ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೊರಟು ನಿಂತಾಗ ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿತ್ತು. ಮೈಮೇಲಿರುವ ಬಟ್ಟೆ ಹೊಲಿಯಬಾರದು ಎಂದು ಅಮ್ಮ ಬೈಯುತ್ತಿದ್ದರೂ ಹೊತ್ತಾಯಿತೆಂದು ನಾನು ಅವನನ್ನು ಜಗಲಿಯಲ್ಲಿ ಕೂರಿಸಿ ಹೊಲಿಯತೊಡಗಿದೆ. ಅವನು ರಸ್ತೆಯ ಕಡೆ ತಲೆ ತಿರುಗಿಸಿಕೊಂಡು ಲಕ್ಷದೀಪಕ್ಕೆ ಎಷ್ಟು ಹಣತೆ ಒಡೆದಿವೆ ಎಂದು ಹೇಳುತ್ತಿದ್ದ. ಸೂಜಿ ಜಾರಿತು, ಮುಂಗೈಗೆ ಇಳಿಯಿತು. ಸಣ್ಣಗೆ ಅಲ್ಲ, ಎಳೆದು ತೆಗೆಯಬೇಕಾಯಿತು. ಅಣ್ಣ ಮಾತು ನಿಲ್ಲಿಸಲಿಲ್ಲ. ಹಣತೆಯ ಲೆಕ್ಕವನ್ನೇ ಹೇಳುತ್ತಿದ್ದ.

ಆಗ ನಾನು ನೋಡಿದೆ. ಆ ಜಾಗದಲ್ಲಿ ಚರ್ಮ ಸ್ವಲ್ಪ ಬಿಳಿಚಿಕೊಂಡಿತ್ತು, ರೋಮ ಇರಲಿಲ್ಲ.

ಇಲ್ಲಿಯ ತನಕ ಬರೆದದ್ದು ಸುಲಭ. ಮುಂದಿನದು... ನಾನು ಅವನ ತಲೆಯ ಹಿಂಭಾಗವನ್ನು ನೋಡಿದೆ. ಆಮೇಲೆ ಬೇಕೆಂದೇ, ಆ ಬಿಳಿಚಿದ ಜಾಗದ ನಡುವೆ, ಸೂಜಿಯನ್ನು ಇನ್ನೊಮ್ಮೆ ಚುಚ್ಚಿದೆ. ಆಳವಾಗಿ. ಅವನು ಅಲುಗಲಿಲ್ಲ. ಒಂದು ಹನಿ ರಕ್ತ ಬಂತು. ಸೆರಗಿನಲ್ಲಿ ಒರೆಸಿದೆ. ಗುಂಡಿ ಹೊಲಿದು ದಾರ ಕಚ್ಚಿ ತುಂಡು ಮಾಡಿ, "ಆಯಿತು, ಹೋಗು" ಎಂದೆ.

ನನಗೆ ಗೊತ್ತಾಗಿತ್ತು. ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಹೇಳುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಅದು ತಾಯಿಯ ರಕ್ತದಲ್ಲಿ ಇಳಿದು ಬರುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ಕುಟುಂಬ ಎಂದರೆ ತಾಯಿಯ ಕಡೆಯದೇ. ಅಣ್ಣನಿಗೆ ಬಂದಿದೆ ಎಂದರೆ ತಂಗಿಗೂ ಅದೇ ರಕ್ತ. ಬಜಪೆಯವರು ಮಾತ್ರವಲ್ಲ, ಯಾವ ಊರಿನವರೂ ನಮ್ಮ ಹೊಸ್ತಿಲು ಹತ್ತುತ್ತಿರಲಿಲ್ಲ. ಬೆಂಕಿ ಸುಡದ ಕೈ ದೇವರದ್ದಾದರೆ ನನಗೆ ಮದುವೆ. ರೋಗದ್ದಾದರೆ ಇಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕ್ರಿಶ್ಚಿಯನ್ ಹೆಂಗಸು ಇದ್ದರು, ಆಸ್ಪತ್ರೆಯಲ್ಲಿ ನರ್ಸ್. ನಾವು ಬಾಯಮ್ಮ ಎನ್ನುತ್ತಿದ್ದೆವು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಸಿಟ್ಟು ಬಂದರೆ ಕನ್ನಡ. ಅವರು ಎರಡು ಮೂರು ದಿನದಿಂದ ಬೇಲಿಯ ಆಚೆಯಿಂದ ಅಣ್ಣನ ಕೈಯನ್ನೇ ನೋಡುತ್ತಿದ್ದುದನ್ನು ನಾನು ಕಂಡಿದ್ದೆ. ಒಂದು ಮಧ್ಯಾಹ್ನ ನಾನು ಬಟ್ಟೆ ಒಣಗಿಸುವಾಗ ಹತ್ತಿರ ಬಂದರು.

"ನಿನ್ನ ಅಣ್ಣನಿಗೆ ಕೈಯಲ್ಲಿ ನೋವು ಗೊತ್ತಾಗ್ತದಾ?"

"ಯಾಕೆ ಗೊತ್ತಾಗುದಿಲ್ಲ ಬಾಯಮ್ಮ?"

"ಸುಮ್ಮನೆ ಕೇಳಿದೆ. ಒಮ್ಮೆ ಆಸ್ಪತ್ರೆಗೆ ಕರ್ಕೊಂಡು ಬಾ. ಯಾರಿಗೂ ಹೇಳುದು ಬೇಡ. ಈಗ ಅದಕ್ಕೆ ಮಾತ್ರೆ ಬಂದಿದೆ ಮಾರಾಯ್ತಿ, ಬೇಗ ತಕ್ಕೊಂಡ್ರೆ ಬೆರಳೆಲ್ಲ ಉಳೀತದೆ. ತಡ ಆದ್ರೆ ನಾನೂ ಎಂತ ಮಾಡ್ಲಿಕ್ಕಾಗುದಿಲ್ಲ."

ಅವರ ಮುಖ ನೋಡಿದೆ. ಇವರಿಗೆ ಯಾಕೆ ಇಷ್ಟು ಕಾಳಜಿ? ನಮ್ಮ ದೇವರ ಹೆಸರು ಕೆಡಿಸಲಿಕ್ಕೋ, ನನ್ನ ಮದುವೆ ತಪ್ಪಿಸಲಿಕ್ಕೋ ಎಂದು ಯೋಚಿಸಿದೆ. ಸಂಶಯ ಪಡುವುದು ನನಗೆ ಕಷ್ಟವೇ ಆಗಲಿಲ್ಲ.

"ನಿನ್ನೆ ಗುಂಡಿ ಹೊಲಿಯುವಾಗ ಸೂಜಿ ತಾಗಿದ್ದಕ್ಕೆ ಮನೆಯ ಮಾಡು ಹಾರಿಹೋಗುವ ಹಾಗೆ ಬೊಬ್ಬೆ ಹೊಡೆದ. ನೋವು ಗೊತ್ತಿಲ್ಲದವ ಹಾಗೆ ಮಾಡ್ತಾನಾ?"

"ನೀನೇ ನೋಡಿದ್ದಾ? ಸತ್ಯ?"

"ಈಶ್ವರ ದೇವರಾಣೆ" ಎಂದೆ.

ಬಾಯಮ್ಮ "ಹಾಗಾದ್ರೆ ಒಳ್ಳೇದಾಯ್ತು" ಎಂದು ಹೇಳಿ ಹೋದರು. ಅವರು ನಂಬಿದರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಆ ಸಂಜೆ ನಾನು ಅಣ್ಣನಿಗೆ, ಬಾಯಮ್ಮನ ಕಣ್ಣು ಸರಿ ಇಲ್ಲ, ದೃಷ್ಟಿ ತಾಗುತ್ತದೆ, ಅವರ ಹತ್ತಿರ ಮಾತಿಗೆ ನಿಲ್ಲಬೇಡ ಎಂದು ಹೇಳಿಟ್ಟೆ. ಅಣ್ಣನ ಕತೆಯಲ್ಲಿ ಹೂವು ಮಾಡಿದ ಕೆಲಸವನ್ನೇ ನಾನು ಮಾಡಿದ್ದೆ. ಹೂವಿಗೆ ಎಂತ ಸಿಕ್ಕಿತು ಎಂದು ಅವನು ಕೇಳುತ್ತಿದ್ದನಲ್ಲ, ನನಗಂತೂ ಬಜಪೆಯ ಮನೆ ಸಿಕ್ಕಿತು.

ಮದುವೆಯಲ್ಲಿ ಅಪ್ಪನ ಸ್ಥಾನದಲ್ಲಿ ನಿಂತು ಧಾರೆ ಎರೆದವನು ಅಣ್ಣ. ನೀರು ಹೊಯ್ಯುವಾಗ ಗಿಂಡಿ ಅವನ ಕೈಯಿಂದ ಜಾರಿ ನನ್ನ ಮದುಮಗನ ಪಂಚೆಯೆಲ್ಲ ಒದ್ದೆಯಾಯಿತು. "ಶಿವನ ಕೈ ಅಲ್ವಾ, ಗಂಗೆ ತಲೆ ಮೇಲಿಂದಲೇ ಇಳಿದಳು!" ಎಂದು ಯಾರೋ ಕೂಗಿದರು, ಇಡೀ ಚಪ್ಪರ ನಕ್ಕಿತು. ಅಣ್ಣನೂ ನಕ್ಕ. ಆದರೆ ಗಿಂಡಿಯನ್ನು ಮತ್ತೆ ಎತ್ತಿಕೊಳ್ಳುವಾಗ ಅವನ ಕಿರುಬೆರಳು ಉಳಿದವುಗಳ ಜೊತೆ ಮಡಚಲಿಲ್ಲ. ಅದನ್ನು ನೋಡಿದವರು ಇಬ್ಬರೇ, ನಾನು ಮತ್ತು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬಾಯಮ್ಮ.

ಮುಂದಿನದು ಬೇಗ ಆಗಿಹೋಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಅವನ ಬೆರಳುಗಳು ಒಳಕ್ಕೆ ಬಾಗಿದವು. ಕೈಮುಗಿದ ಜನರೇ ದೂರ ಸರಿದರು. ಅಂಗಳದೊಳಗೆ ಬರುವುದು ಬೇಡ ಎಂದು ದೇವಸ್ಥಾನದವರು ಹೇಳಿದರಂತೆ. ಕಾರ್ಖಾನೆಯೂ ಬಿಟ್ಟಿತು. ಅವನನ್ನು ಪೇಟೆಯ ಹೊರಗೆ ಆ ರೋಗದವರಿಗೆಂದೇ ಇದ್ದ ಆಸ್ಪತ್ರೆಗೆ ಕರೆದುಕೊಂಡು ಹೋದವರು ಬಾಯಮ್ಮ. ಆ ಕೊರಗಿನಲ್ಲೇ ಅಮ್ಮ ಹೋದರು. ಬಾಡಿಗೆ ಮನೆ ಬೇರೆಯವರ ಪಾಲಾಯಿತು. ನಾನು ಬಜಪೆಯಲ್ಲಿ ಅತ್ತೆಗೆ, ಅಣ್ಣ ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದ ಎಂದೆ. ಆಗ ಮನೆಗೊಬ್ಬ ಹುಡುಗ ಬೊಂಬಾಯಿಗೆ ಹೋಗುತ್ತಿದ್ದುದರಿಂದ ಎಲ್ಲರೂ ನಂಬಿದರು. ಅತ್ತೆ ಮಾತ್ರ ಕೆಲವು ಸಲ ನನ್ನ ಕೈಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದರು. ಅಥವಾ ನನಗೆ ಹಾಗೆ ಕಾಣುತ್ತಿತ್ತು. ನಾನು ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ನನ್ನ ಮೈಯನ್ನು ನಾನೇ ಚಿವುಟಿ ನೋಡುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಅವಳನ್ನೂ ಚಿವುಟುತ್ತಿದ್ದೆ. ಅವಳು ಅತ್ತರೆ ನನಗೆ ನೆಮ್ಮದಿ.

ಹತ್ತು ವರ್ಷದ ಮೇಲೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಬಾಯಮ್ಮ ಸಿಕ್ಕಿದರು. ಕೂದಲು ನೆರೆತಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಕಾಯಿಲೆ ನಿಂತಿದೆ. ಬೆರಳು ಹೋಯ್ತು, ಜೀವ ಉಂಟು. ಒಮ್ಮೆ ನೋಡಿ ಬರ್ತಿಯಾ? ನಾನು ಜೊತೆಗೆ ಬರ್ತೇನೆ" ಎಂದರು.

ಆ ಆಸ್ಪತ್ರೆಯ ಉದ್ದನೆಯ ಜಗಲಿಯಲ್ಲಿ ಅಣ್ಣ ಬೆಂಚಿನ ಮೇಲೆ ಕುಳಿತು, ಅಂಗೈ ಮತ್ತು ತೊಡೆಯ ನಡುವೆ ಒತ್ತಿ, ತೊಳೆದ ಬ್ಯಾಂಡೇಜು ಬಟ್ಟೆಗಳನ್ನು ಸುರುಳಿ ಸುತ್ತುತ್ತಿದ್ದ. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವೂ ಆಗಲಿಲ್ಲ.

"ಬಂದಿಯಾ? ಅತ್ತೆಗೆ ಎಂತ ಹೇಳಿ ಬಂದೆ?"

"ಪೇಟೆಗೆ ಅಂತ..."

"ಬೊಂಬಾಯಿಂದ ಅಣ್ಣ ಬಂದಿದ್ದಾನೆ ಅಂತ ಹೇಳಬಹುದಿತ್ತಲ್ಲ!" ಎಂದು ನಕ್ಕ. ಬಜಪೆಯಲ್ಲಿ ನಾನು ಹೇಳಿದ ಸುಳ್ಳು ಬಾಯಮ್ಮನ ಕಿವಿಗೂ ಬಿದ್ದಿತ್ತು, ಅವರು ಅವನಿಗೆ ಹೇಳಿದ್ದರು.

ನಾನು ಕೆಳಗೆ ನೆಲದ ಮೇಲೆ ಕುಳಿತೆ. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳೆಲ್ಲ ಮರೆತುಹೋದವು. "ಅಣ್ಣ, ನನಗೆ ಮೊದಲೇ ಗೊತ್ತಿತ್ತು. ಆ ದಿನ ಗುಂಡಿ ಹೊಲಿಯುವಾಗ..." ಎಂದಷ್ಟೇ ಹೇಳಲಾಯಿತು.

"ಎರಡನೇ ಸಲ ಚುಚ್ಚಿದ್ದು ನಾನು ನೋಡಿದ್ದೇನೆ."

"ನೀನು ರಸ್ತೆ ಕಡೆ ನೋಡ್ತಿದ್ದೆಯಲ್ಲ?"

"ತಲೆ ಆಚೆ ಇದ್ರೆ ಕಣ್ಣೂ ಆಚೆಯೇ ಇರಬೇಕಾ ಮಾರಾಯ್ತಿ?"

ಒಂದು ಸುರುಳಿ ಮುಗಿಸಿ ಬುಟ್ಟಿಗೆ ಹಾಕಿದ. ಇನ್ನೊಂದನ್ನು ಎತ್ತಿಕೊಂಡ. ಆಮೇಲೆ ನಿಧಾನವಾಗಿ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ.

"ನನಗೂ ಸಂಶಯ ಇತ್ತು. ಕರ್ಪೂರ ಹಿಡಿದ ದಿನದಿಂದ ಇತ್ತು. ಇದು ಎಂತದೋ ಸರಿ ಇಲ್ಲ ಅಂತ. ನೀನು ಎರಡನೇ ಸಲ ಚುಚ್ಚುವಾಗ, ಸರಿ, ಇವಳಿಗೂ ಸಂಶಯ ಬಂದಿದೆ, ಈಗ ಹೇಳ್ತಾಳೆ ಅಂತ ಕಾದೆ. ನೀನು ರಕ್ತ ಒರೆಸಿ ಗುಂಡಿ ಹೊಲಿದೆ. ರೋಗ ಆಗಿದ್ರೆ ನನ್ನ ತಂಗಿ ಹೇಳದೆ ಇರ್ತಾಳಾ? ಹಾಗಾದ್ರೆ ಇದು ಅವನ ಬೆಳಕೇ ಇರಬೇಕು ಅಂತ ಅಂದುಕೊಂಡೆ. ಆ ದಿನ ನಂಬಿದ್ದು ನಾನು. ಅದಕ್ಕೆ ಮೊದಲು ನಂಬಿರಲಿಲ್ಲ."

ಬುಟ್ಟಿಯಲ್ಲಿ ಬಿಚ್ಚಿಕೊಂಡಿದ್ದ ಒಂದು ಸುರುಳಿಯ ತುದಿಯನ್ನು ನಾನು ಒಳಕ್ಕೆ ಸಿಕ್ಕಿಸಿದೆ.

"ಎರಡು ವರ್ಷ ಒಳ್ಳೇದಿತ್ತು" ಎಂದ. "ದೀಪ ಹಚ್ಚುವಾಗ ಅವನೇ ಹತ್ತಿರ ಬಂದು ಕೂತ ಹಾಗೆ..." ಎಂದು ಮತ್ತೆ ಏನೋ ಹೇಳಲು ಹೊರಟು ಬಿಟ್ಟುಬಿಟ್ಟ.

ಅವನು ನನಗೆ ಕ್ಷಮೆ ಕೊಟ್ಟನೋ ಶಿಕ್ಷೆ ಕೊಟ್ಟನೋ ನನಗೆ ಗೊತ್ತಾಗಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಬೆರಳುಗಳ ಪಾಪ ಮಾತ್ರ ನನ್ನದು ಎಂದು ತಿಳಿದು ಹೋದವಳು ನಾನು. ಅವನ ದೇವರನ್ನೂ ನಾನೇ ಕೊಟ್ಟು ನಾನೇ ಕಿತ್ತುಕೊಂಡದ್ದು ಅಲ್ಲಿ ತಿಳಿಯಿತು. ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ಬಂದೆ. ಹೋಗಲಿಲ್ಲ. ಅತ್ತೆಗೆ ಹುಷಾರಿಲ್ಲ, ಮಗಳ ಶಾಲೆ, ಮಳೆ... ಕಾರಣಗಳಿಗೆ ಬರವಿರಲಿಲ್ಲ. ಒಂದು ದಿನ ಬಾಯಮ್ಮನ ಕಾಗದ ಬಂತು. ಅದು ನನ್ನ ಕೈ ಸೇರುವಾಗ ಎಲ್ಲ ಮುಗಿದು ವಾರವಾಗಿತ್ತು. ನಮ್ಮ ಕುಟುಂಬದಿಂದ ಒಂದು ಹಿಡಿ ಮಣ್ಣು ಹಾಕಿದವರಿಲ್ಲ. ಮಗಳ ಮದುವೆಯಲ್ಲಿ ಸೋದರಮಾವ ಎಲ್ಲಿ ಎಂದು ಪುರೋಹಿತರು ಕೂಗಿ ಕೇಳಿದರು. ನನ್ನ ಗಂಡನ ದೂರದ ಸಂಬಂಧಿಯೊಬ್ಬರು ಎದ್ದು ಬಂದು ಆ ಜಾಗದಲ್ಲಿ ನಿಂತರು.

ಈಗ ಅತ್ತೆ ಇಲ್ಲ, ಗಂಡ ಇಲ್ಲ, ಬಾಯಮ್ಮನೂ ಇಲ್ಲ. ಯಾರಿಗೆ ಹೆದರಿ ಸುಮ್ಮನಿದ್ದೆನೋ ಅವರು ಯಾರೂ ಉಳಿದಿಲ್ಲ. ಮೊನ್ನೆ ಸಂಜೆ ಮಗಳನ್ನು ಹತ್ತಿರ ಕೂರಿಸಿ ಎಲ್ಲ ಹೇಳಿದೆ. ಸೂಜಿಯದ್ದೂ ಹೇಳಿದೆ, ಆಣೆ ಹಾಕಿದ್ದೂ ಹೇಳಿದೆ. ಮುಗಿದ ಮೇಲೆ, ಅವಳಿಗೇ ತಿಳಿಯದ ಹಾಗೆ, ತನ್ನ ಮುಂಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು. ಇಷ್ಟು ವರ್ಷ ನಾನು ಹೆದರಿದ್ದು ಈ ಒಂದು ನೋಟಕ್ಕೆ. ಅದು ಕೊನೆಗೂ ನನ್ನ ಮನೆಯಲ್ಲೇ, ನನ್ನ ಕಣ್ಣೆದುರೇ ಬಂತು. ಬಂದು ಹೋಯಿತು ಕೂಡ, ಅಷ್ಟೇ ಹೊತ್ತು.

ಆಮೇಲೆ ಅವಳು ಕೇಳಿದಳು, "ಮಾವನ ಹೆಸರೆಂತ ಅಮ್ಮ?"

ಹುಟ್ಟಿದಂದಿನಿಂದ ಅವಳು ಕೇಳಿದ್ದು ಬೊಂಬಾಯಿ ಮಾವ ಎಂದು ಮಾತ್ರ. ನಾನು ಹೆಸರು ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.